ಹೂಂ ಅಂದರೆ ಒಪ್ಪಿಗೆ ಅಲ್ಲ



ನಾನು ಚಿಕ್ಕವಳಿದ್ದಾಗ ಊಟ ಮಾಡದೆ ಹಟ ಹಿಡಿದರೆ ಅಮ್ಮ ಇಬ್ಬರ ಹೆಸರು ಹೇಳಿ ಹೆದರಿಸುತ್ತಿದ್ದಳು. ಒಬ್ಬ ಗುಮ್ಮ, ಇನ್ನೊಬ್ಬ ಪೊಲೀಸ್. "ತಟ್ಟೆ ಖಾಲಿ ಮಾಡ್ತೀಯೋ, ಪೊಲೀಸ್ ಮಾಮನ್ನ ಕರೀಲೋ?" ನಿಮ್ಮಲ್ಲೂ ಕೆಲವರು ಇದನ್ನು ಕೇಳಿಸಿಕೊಂಡೇ ಬೆಳೆದಿರುತ್ತೀರಿ. ನಾನು ದೊಡ್ಡವಳಾಗಿ ಆ ಪೊಲೀಸೇ ಆಗಿಬಿಟ್ಟೆ. ಅದರಲ್ಲೂ ಮಕ್ಕಳ ಕೇಸುಗಳನ್ನೇ ನೋಡುವ ಪೊಲೀಸು. ಈಗಲೂ ಅಮ್ಮ ಯಾರಾದರೂ ಕೇಳಿದರೆ, "ನಮ್ಮ ಹುಡುಗಿ ಗೌರ್ಮೆಂಟ್ ಕೆಲಸದಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ.

ನಾನು ಹತ್ತು ವರ್ಷದವಳಿದ್ದಾಗ ನಮ್ಮ ಮನೆಯವರೆಲ್ಲ ತುಮಕೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದೆವು. ಈಗ ಇಲ್ಲಿನ ಒಂದು ಕೌಂಟಿಯಲ್ಲಿ ಬಾಲನ್ಯಾಯ ವಿಭಾಗದ ಮೇಲ್ವಿಚಾರಕ ತನಿಖಾಧಿಕಾರಿ. ಇವತ್ತು ನಿಮ್ಮ ಹತ್ತಿರ ನನ್ನ ಕೆಲಸದ ಬಗ್ಗೆ ಮಾತಾಡಬೇಕು ಎಂದು ರೇಡಿಯೋದವರು ಕೇಳಿದರು. ಸಿನಿಮಾದಲ್ಲಿ ಬರುವಂಥ ಕಥೆ ನನ್ನ ಹತ್ತಿರ ಇಲ್ಲ. ನನ್ನ ಕೈಯಲ್ಲಿ ಇರುವುದು ಬಂದೂಕಿಗಿಂತ ಹೆಚ್ಚಾಗಿ ಪೆನ್ನು. ಆ ಪೆನ್ನಿನ ಕಥೆಯನ್ನೇ ಹೇಳುತ್ತೇನೆ.

ಮೇಲ್ವಿಚಾರಕಿ ಏನು ಮಾಡುತ್ತಾಳೆ? ನನ್ನ ಕೈಕೆಳಗೆ ಆರು ಜನ ತನಿಖಾಧಿಕಾರಿಗಳು ಇದ್ದಾರೆ. ಯಾವ ಕೇಸ್ ಯಾರಿಗೆ ಎಂದು ಹಂಚುವುದು ನಾನು. ಅವರು ಹೋಗಿ ಜನರನ್ನು ಮಾತಾಡಿಸುತ್ತಾರೆ, ಕ್ಯಾಮೆರಾ ನೋಡುತ್ತಾರೆ, ಸಾಕ್ಷ್ಯ ಕೂಡಿಸುತ್ತಾರೆ, ರಿಪೋರ್ಟ್ ಬರೆಯುತ್ತಾರೆ. ಆ ರಿಪೋರ್ಟ್ ನನ್ನ ಮೇಜಿಗೆ ಬರುತ್ತದೆ. ನಾನು ಓದಿ ಸಹಿ ಹಾಕಿದ ಮೇಲೆಯೇ ಅದು ಸರ್ಕಾರಿ ವಕೀಲರ ಕೈ ಸೇರುತ್ತದೆ. ಸಹಿ ಬಿದ್ದಿತು ಎಂದರೆ, "ಇದನ್ನು ನಾನು ಪರೀಕ್ಷಿಸಿದ್ದೇನೆ, ನಂಬಬಹುದು" ಎಂದು ಅರ್ಥ. ಒಂದು ಮಗುವಿನ ಮುಂದಿನ ಕೆಲವು ವರ್ಷ ಹೇಗಿರುತ್ತದೆ ಎಂಬುದು ಒಮ್ಮೊಮ್ಮೆ ಆ ಒಂದು ಸಾಲಿನ ಸಹಿಯ ಮೇಲೆ ನಿಂತಿರುತ್ತದೆ.

ಮಕ್ಕಳ ಕೋರ್ಟಿನ ಭಾಷೆಯೇ ಬೇರೆ. ಅಲ್ಲಿ ಮಗುವಿಗೆ "ಅಪರಾಧಿ" ಎನ್ನುವುದಿಲ್ಲ, "ಶಿಕ್ಷೆ" ಎಂಬ ಪದವನ್ನೂ ಬಳಸುವುದಿಲ್ಲ. ಆರೋಪಪಟ್ಟಿಯ ಬದಲು ಅರ್ಜಿ, ಶಿಕ್ಷೆಯ ಬದಲು ವಿಲೇವಾರಿ. 1899ರಲ್ಲಿ ಶಿಕಾಗೋದಲ್ಲಿ ಈ ದೇಶದ ಮೊದಲ ಮಕ್ಕಳ ಕೋರ್ಟ್ ಶುರುವಾದಾಗ ಇದ್ದ ಆಸೆ ಅದು: ದೊಡ್ಡವರ ಹಾಗೆ ದಂಡಿಸುವುದು ಬೇಡ, ತಿದ್ದೋಣ. ಒಳ್ಳೆಯ ಆಸೆ. ಆದರೆ ಅದರ ಜೊತೆ ಒಂದು ತೊಂದರೆಯೂ ಬಂತು. "ನಾವು ಮಗುವಿನ ಒಳ್ಳೆಯದಕ್ಕೇ ಮಾಡುತ್ತಿದ್ದೇವಲ್ಲ, ಅದಕ್ಕೆ ವಕೀಲ ಯಾಕೆ, ನಿಯಮ ಯಾಕೆ?" ಎಂದು ದೊಡ್ಡವರು ಅಂದುಕೊಂಡರು.

ಅದು ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವುದಕ್ಕೆ ಜೆರಾಲ್ಡ್ ಗಾಲ್ಟ್ ಎಂಬ ಹುಡುಗನ ಕಥೆ ಸಾಕು. 1964, ಅರಿಜೋನಾ. ಹುಡುಗನಿಗೆ 15 ವರ್ಷ. ಪಕ್ಕದ ಮನೆಯಾಕೆಗೆ ಫೋನಿನಲ್ಲಿ ಅಸಭ್ಯವಾಗಿ ಮಾತಾಡಿದ ಎಂಬ ದೂರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದಾಗ ಅವನನ್ನು ಹಿಡಿದುಕೊಂಡು ಹೋದರು, ಮನೆಗೆ ಒಂದು ಮಾತೂ ತಿಳಿಸಲಿಲ್ಲ. ವಕೀಲರಿಲ್ಲ. ದೂರು ಕೊಟ್ಟ ಹೆಂಗಸು ಕೋರ್ಟಿಗೆ ಬರಲೇ ಇಲ್ಲ. ನ್ಯಾಯಾಧೀಶರು ಅವನನ್ನು 21 ವರ್ಷ ತುಂಬುವವರೆಗೆ ಸರ್ಕಾರಿ ಶಾಲೆಯಲ್ಲಿ ಇಡಿ ಎಂದರು. ಅದೇ ತಪ್ಪನ್ನು ದೊಡ್ಡವರೊಬ್ಬರು ಮಾಡಿದ್ದರೆ 5ರಿಂದ 50 ಡಾಲರ್ ದಂಡ, ಹೆಚ್ಚೆಂದರೆ ಎರಡು ತಿಂಗಳ ಜೈಲು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ತಪ್ಪು ಎಂದಿತು. ಮಕ್ಕಳಿಗೂ ವಕೀಲರ ಹಕ್ಕು ಇದೆ, ಸುಮ್ಮನಿರುವ ಹಕ್ಕೂ ಇದೆ ಎಂದಿತು. ನನ್ನ ಇಲಾಖೆಗೆ ಹೊಸಬರು ಸೇರಿದ ದಿನ ನಾನು ಮೊದಲು ಹೇಳುವ ಕಥೆ ಇದು.

ಕಾನೂನು ಬಂತು ಎಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅದನ್ನು ನಾನು ಕಲಿತದ್ದು ಒಂದು ಶುಕ್ರವಾರ ಸಂಜೆ. ಹತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಮೇಲ್ವಿಚಾರಕಿಯಾಗಿ ಹೆಚ್ಚು ದಿನ ಆಗಿರಲಿಲ್ಲ. ಮಕ್ಕಳ ಕೇಸಿನ ವಿವರ ಗುಟ್ಟಾಗಿ ಇಡಬೇಕು, ಹಾಗಾಗಿ ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ, ಗುರುತು ಸಿಗುವ ಒಂದೆರಡು ವಿವರವನ್ನೂ ಬದಲಿಸಿದ್ದೇನೆ.

ಒಂದು ಶಾಲೆಯ ಹಿಂದಿನ ಸಾಮಾನಿನ ಕೋಣೆಗೆ ಬೆಂಕಿ ಬಿದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಬೆಂಕಿ ಹಚ್ಚುವುದು ದೊಡ್ಡ ಅಪರಾಧ. ಯಾರೋ ಒಬ್ಬ ಹುಡುಗ ಇನ್ನೊಬ್ಬನ ಹೆಸರು ಹೇಳಿದ್ದ. ಹಾಗೆ ಹೆಸರು ಬಂದವನಿಗೆ 14 ವರ್ಷ. ಅವನನ್ನು ಹಿಡಿದು, ವಿಚಾರಿಸಿ, ಜುವೆನೈಲ್ ಹಾಲಿಗೆ ಕಳಿಸಿದ್ದರು. ಮಗುವನ್ನು ಹೀಗೆ ಹಿಡಿದಿಟ್ಟರೆ, ಕೋರ್ಟಿನ ರಜಾದಿನಗಳನ್ನು ಬಿಟ್ಟು 48 ಗಂಟೆಯೊಳಗೆ ಅರ್ಜಿ ಸಲ್ಲಿಸಬೇಕು, ಇಲ್ಲದಿದ್ದರೆ ಬಿಡಬೇಕು. ಅಂದರೆ ಗಡಿಯಾರ ಓಡುತ್ತಿತ್ತು. ಸಂಜೆ ಐದು ಗಂಟೆ. ರಿಪೋರ್ಟ್ ನನ್ನ ಮುಂದೆ. ಚೆನ್ನಾಗಿ ಬರೆದ ರಿಪೋರ್ಟ್. ಬರೆದವರು ನನಗಿಂತ ಹೆಚ್ಚು ವರ್ಷ ಕೆಲಸ ಮಾಡಿದವರು, ಪ್ರಾಮಾಣಿಕರು. ಕೊನೆಯ ಪುಟದಲ್ಲಿ ಇದ್ದದ್ದು: ಹುಡುಗ ತಪ್ಪು ಒಪ್ಪಿಕೊಂಡಿದ್ದಾನೆ.

ಪೆನ್ನು ಕೈಗೆ ತೆಗೆದುಕೊಂಡೆ. ಆಗ ಒಂದು ವಾಕ್ಯ ನನ್ನನ್ನು ತಡೆಯಿತು. "ತಾನು ಉತ್ತರ ದಿಕ್ಕಿನ ಗೇಟಿನಿಂದ ಒಳಗೆ ಬಂದದ್ದಾಗಿ ಹುಡುಗ ತಿಳಿಸಿದ."

ಉತ್ತರ ದಿಕ್ಕು? ನೀವೇ ಹೇಳಿ, ನಿಮ್ಮ ಶಾಲೆಯ ಉತ್ತರದ ಗೇಟ್ ಯಾವುದು? 14 ವರ್ಷದ ಹುಡುಗ "ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಹತ್ತಿರದ ಗೇಟ್" ಎನ್ನುತ್ತಾನೆ, "ಬಸ್ ನಿಲ್ಲುವ ಕಡೆ" ಎನ್ನುತ್ತಾನೆ. ಉತ್ತರ ದಕ್ಷಿಣ ಎನ್ನುವುದು ಪೊಲೀಸರ ಭಾಷೆ. ಹಾಗಾದರೆ ಈ ಮಾತು ಯಾರದು?

ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಕೇಳಲು ಕೂತೆ. ಎರಡು ಗಂಟೆಗೆ ಸ್ವಲ್ಪ ಕಡಿಮೆ. ಯಾರೂ ಕೂಗಾಡಿಲ್ಲ, ಹೆದರಿಸಿಲ್ಲ. ಹುಡುಗನಿಗೆ ಹಕ್ಕುಗಳನ್ನು ಓದಿ ಹೇಳಿದ್ದಾರೆ, ಕುಡಿಯಲು ಸೋಡಾ ಕೊಟ್ಟಿದ್ದಾರೆ. "ಹಕ್ಕು ಅರ್ಥ ಆಯ್ತಾ?" ಎಂದರೆ "ಹೂಂ". "ಉತ್ತರದ ಗೇಟಿನಿಂದ ಬಂದೆ ಅಲ್ವಾ?" "ಹೂಂ." "ಕೈಯಲ್ಲಿ ಲೈಟರ್ ಇತ್ತು ಅಲ್ವಾ?" "ಹೂಂ." ಹುಡುಗ ಇಂಗ್ಲಿಷಿನವನು, ಅವನು ಅಂದದ್ದು "ಅಹ್ಹಾ" ಎಂಬಂಥ ಒಂದು ಸದ್ದು. ಆದರೆ ನನ್ನ ಕಿವಿಗೆ ಅದು ನಮ್ಮ "ಹೂಂ" ಎಂದೇ ಕೇಳಿಸಿತು. ಕಾಗದದ ಮೇಲೆ ಗೆರೆ ಹಾಕುತ್ತಾ ಎಣಿಸಿದೆ. 41 ಹೂಂ. ಬೆಂಕಿಯ ಬಗ್ಗೆ ಅವನದೇ ಆದ ಒಂದು ಪೂರ್ತಿ ವಾಕ್ಯವೂ ಇಲ್ಲ. ಅದೆಲ್ಲದರ ನಡುವೆ, ಇಪ್ಪತ್ತನೆಯ ನಿಮಿಷದ ಹೊತ್ತಿಗೆ, ಅವನು ತಾನಾಗಿ ಒಂದೇ ಒಂದು ಮಾತು ಹೇಳಿದ್ದ: "ನಾನು ತಂಗಿಯ ಈಜಿನ ಕ್ಲಾಸಿನಲ್ಲಿದ್ದೆ." ಪ್ರಶ್ನೆ ಕೇಳುತ್ತಿದ್ದವರು "ಸರಿ, ಅದಕ್ಕೆ ಆಮೇಲೆ ಬರೋಣ" ಎಂದಿದ್ದರು. ಆ "ಆಮೇಲೆ" ಬರಲೇ ಇಲ್ಲ.

ನನಗೆ ತಕ್ಷಣ ಅಜ್ಜಿ ನೆನಪಾದಳು. ರಾತ್ರಿ ಅಜ್ಜಿ ಕಥೆ ಹೇಳುವಾಗ ನಾವು ಮೊಮ್ಮಕ್ಕಳು ಹೂಂಗುಟ್ಟುತ್ತಲೇ ಇರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. "ಏನೇ, ನಿದ್ದೆ ಬಂತಾ?" ಎಂದು ಕೇಳುತ್ತಿದ್ದಳು. ರಾಕ್ಷಸ ಏಳು ಸಮುದ್ರ ದಾಟಿ ಬಂದ, ಹೂಂ. ಗಿಳಿಯೊಳಗೆ ಅವನ ಪ್ರಾಣ ಇತ್ತು, ಹೂಂ. ನಾವು ಅದನ್ನೆಲ್ಲ ನಂಬಿದ್ದೆವಾ? ಇಲ್ಲ. ಹೂಂ ಅಂದರೆ, "ನಾನು ಕೇಳ್ತಾ ಇದ್ದೀನಿ, ಮುಂದಕ್ಕೆ ಹೇಳು" ಎಂದು ಅರ್ಥ. ಆ ಕೋಣೆಯಲ್ಲಿ ನಡೆದದ್ದೂ ಅದೇ. ದೊಡ್ಡವರು ಒಂದು ಕಥೆ ಹೇಳಿದರು, ಹುಡುಗ ಹೂಂಗುಟ್ಟಿದ. ಕೊನೆಗೆ ಆ ಕಥೆ ಅವನದು ಎಂದು ಬರೆದುಕೊಂಡರು.

ನಾನು ಸಹಿ ಹಾಕಲಿಲ್ಲ. ತನಿಖೆ ಮಾಡಿದವರನ್ನು ಮನೆಯಿಂದ ವಾಪಸ್ ಕರೆಸಿದೆ. ಅವರಿಗೆ ಸಿಟ್ಟು ಬಂತು. "ಒಪ್ಪಿಕೊಂಡಿದ್ದಾನಲ್ಲ, ಇನ್ನೇನು ಬೇಕು?" ಎಂದರು. "ಆ ಈಜಿನ ಕ್ಲಾಸ್ ಎಲ್ಲಿ ನಡೆಯುತ್ತೆ ಎಂದು ನೋಡಿಬನ್ನಿ" ಎಂದೆ. ಶನಿವಾರ ಬೆಳಿಗ್ಗೆ ಹೋದರು. ಈಜುಕೊಳ ಶಾಲೆಯಿಂದ ಐದು ಮೈಲಿ ದೂರ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿ ಒಂದು ಪುಸ್ತಕದಲ್ಲಿ ಸಹಿ ಮಾಡಬೇಕು. ಬೆಂಕಿಯ ಕರೆ ಬಂದದ್ದು 4 ಗಂಟೆ 5 ನಿಮಿಷಕ್ಕೆ. ಪುಸ್ತಕದಲ್ಲಿ 4 ಗಂಟೆ 10 ನಿಮಿಷಕ್ಕೆ ಹುಡುಗನ ಸಹಿ. ಬಾಗಿಲ ಬಳಿಯ ಕ್ಯಾಮೆರಾದಲ್ಲಿ ಮೂರೂ ಮುಕ್ಕಾಲಿಂದ ಅವನು ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದಾನೆ.

ಮಧ್ಯಾಹ್ನ ಅವನನ್ನು ಬಿಟ್ಟರು. ಅಷ್ಟರಲ್ಲಿ ಅವನು ಎರಡು ರಾತ್ರಿ ಬೀಗ ಹಾಕಿದ ಕೋಣೆಯಲ್ಲಿ ಮಲಗಿದ್ದ. ಕರೆದುಕೊಂಡು ಹೋಗಲು ಅವನ ಅಮ್ಮ ಬಂದಿದ್ದರು. ನಾನು ಕ್ಷಮೆ ಕೇಳಿದೆ. ಆಮೇಲೆ ತಡೆಯಲಾರದೆ ಹುಡುಗನನ್ನು ಕೇಳಿದೆ, "ಮಾಡಿಲ್ಲ ಅಂದಮೇಲೆ ಹೂಂ ಅಂತ ಯಾಕಂದೆ?" ಅವನು ಭುಜ ಹಾರಿಸಿದ. "ಅವರು ಒಳ್ಳೆಯವರಾಗಿದ್ದರು. ಹೂಂ ಅಂದರೆ ಮನೆಗೆ ಬಿಡ್ತಾರೆ ಅಂದ್ಕೊಂಡೆ."

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯ ಅಧಿಕಾರಿ ಎಂದು ನೀವು ಹೇಳಬಹುದಿತ್ತು. ಆದರೆ ಆ ವಾರ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಮೊದಲು ನಾನು ಎಷ್ಟು ರಿಪೋರ್ಟಿಗೆ ಸಹಿ ಹಾಕಿದ್ದೆ? ಹಳೆಯವನ್ನು ತೆಗೆದು ಓದಿದೆ, ರೆಕಾರ್ಡಿಂಗ್ ಇದ್ದ ಕಡೆ ಕೇಳಿದೆ. ಒಂದು ರಿಪೋರ್ಟ್ ಇದೇ ಥರ ಇತ್ತು. ಪೂರ್ತಿ ಹೂಂ. ಸಹಿ ನನ್ನದು. ಆ ಹುಡುಗ ಆಗಲೇ ಹಲವು ತಿಂಗಳು ಮನೆಯಿಂದ ದೂರ ಇದ್ದ. ಅವನು ನಿಜವಾಗಿ ಮಾಡಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆರೋಪಿಗೆ ಅನುಕೂಲವಾಗುವ ಸಂಗತಿಯನ್ನು ಸರ್ಕಾರ ಮುಚ್ಚಿಡಬಾರದು ಎಂದು 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಒಂದು ಪತ್ರ ಬರೆದು, ರೆಕಾರ್ಡಿಂಗ್ ಜೊತೆ ಸರ್ಕಾರಿ ವಕೀಲರಿಗೆ ಕೊಟ್ಟೆ. ಅವರು ಅದನ್ನು ಹುಡುಗನ ವಕೀಲರಿಗೆ ತಲುಪಿಸಿದರು. ಹುಡುಗ ಮನೆಗೆ ಬಂದ. ಆದರೆ ಕಳೆದುಹೋದ ಆ ತಿಂಗಳುಗಳನ್ನು ಅವನಿಗೆ ವಾಪಸ್ ಕೊಡುವ ಪತ್ರ ಯಾವುದೂ ನನ್ನ ಹತ್ತಿರ ಇಲ್ಲ.

ಇದು ನನ್ನೊಬ್ಬಳ ಕಚೇರಿಯ ಕಥೆಯಲ್ಲ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋಗಿದ್ದ ಹೆಣ್ಣುಮಗಳ ಮೇಲೆ ಭೀಕರ ಹಲ್ಲೆ ನಡೆಯಿತು. 14ರಿಂದ 16 ವರ್ಷದ ಐವರು ಹುಡುಗರನ್ನು ಹಿಡಿದರು. ಅವರಲ್ಲಿ ನಾಲ್ವರು ಕ್ಯಾಮೆರಾದ ಮುಂದೆ ತಪ್ಪು ಒಪ್ಪಿಕೊಂಡರು. ಐವರೂ ಜೈಲಿಗೆ ಹೋದರು. 2002ರಲ್ಲಿ ಬೇರೊಬ್ಬ ತಾನೇ ಮಾಡಿದ್ದು ಎಂದ, ಡಿಎನ್ಎ ಪರೀಕ್ಷೆಯೂ ಅದನ್ನೇ ಹೇಳಿತು, ಐವರ ಮೇಲಿನ ತೀರ್ಪು ರದ್ದಾಯಿತು. ಅವರಲ್ಲಿ ಒಬ್ಬರಾದ ಯೂಸೆಫ್ ಸಲಾಂ 2023ರಲ್ಲಿ ನ್ಯೂಯಾರ್ಕ್ ನಗರ ಸಭೆಗೆ ಆರಿಸಿ ಬಂದರು. ಹಿಡಿದಾಗ ಅವರಿಗೆ 15 ವರ್ಷ.

ಇನ್ನೊಂದು ಕೇಸ್ ನಾರ್ತ್ ಕ್ಯಾರೊಲಿನಾದ್ದು. ಏಳನೇ ಕ್ಲಾಸಿನ 13 ವರ್ಷದ ಹುಡುಗನನ್ನು ತರಗತಿಯಿಂದ ಎಬ್ಬಿಸಿ, ಶಾಲೆಯ ಒಂದು ಕೋಣೆಯಲ್ಲಿ ಕೂರಿಸಿ ಪೊಲೀಸರು ವಿಚಾರಿಸಿದರು. ಅವನನ್ನು ಸಾಕುತ್ತಿದ್ದವಳು ಅಜ್ಜಿ. ಅವಳಿಗೆ ಫೋನ್ ಮಾಡಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಎದ್ದು ಹೋಗುವ ಸ್ವಾತಂತ್ರ್ಯ ತನಗೆ ಇದೆ ಎಂದು ದೊಡ್ಡವರಿಗೆ ಅನ್ನಿಸಬಹುದಾದ ಜಾಗದಲ್ಲಿ ಮಗುವಿಗೆ ಹಾಗೆ ಅನ್ನಿಸದೆ ಇರಬಹುದು, ಹಾಗಾಗಿ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ನಿಮ್ಮನ್ನು ಹೇಗೆ ಬೆಳೆಸಿದ್ದಾರೆ? ದೊಡ್ಡವರಿಗೆ ಎದುರು ಮಾತಾಡಬೇಡ. ಅಂಕಲ್ ಏನೋ ಹೇಳ್ತಿದ್ದಾರೆ, ಹೂಂ ಅನ್ನು. ಇದು ಕೆಟ್ಟ ಸಂಸ್ಕಾರ ಎಂದು ನಾನು ಹೇಳುವುದಿಲ್ಲ, ನನ್ನ ಮಕ್ಕಳಿಗೂ ಇದನ್ನೇ ಹೇಳಿದ್ದೇನೆ. ಆದರೆ ಯೂನಿಫಾರ್ಮ್ ಹಾಕಿದ ದೊಡ್ಡವರೊಬ್ಬರು ಬಾಗಿಲು ಮುಚ್ಚಿ ಪ್ರಶ್ನೆ ಕೇಳುವ ಕೋಣೆಯಲ್ಲಿ ಈ ಅಭ್ಯಾಸ ನಿಮ್ಮನ್ನು ಮುಳುಗಿಸಬಹುದು. "ನಮ್ಮ ಮಕ್ಕಳು ಅಂಥವರಲ್ಲ, ನಮಗ್ಯಾಕೆ ಇದೆಲ್ಲ" ಎಂದು ಯುಗಾದಿ ಊಟದ ಸಾಲಿನಲ್ಲಿ ಹೇಳಿದವರೇ ಆಮೇಲೆ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಅತ್ತದ್ದಿದೆ. "ನೀವೊಂದು ಮಾತು ಹೇಳಿಬಿಡಿ" ಎಂದು ಕೇಳುತ್ತಾರೆ. ಹೇಳಲು ಬರುವುದಿಲ್ಲ. ಹಾಗೆ ಒಂದು ಮಾತು ಹೇಳುವ ಅಧಿಕಾರಿ ನಾಳೆ ಇನ್ನೊಬ್ಬರ ಮಗುವಿಗೆ ಅನ್ಯಾಯ ಮಾಡುತ್ತಾಳೆ. ಇದಕ್ಕಾಗಿ ಒಂದು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರ ಮಗನಿಗೆ ಆ ದಿನ ಬೇಕಾಗಿದ್ದದ್ದು ನನ್ನ ಶಿಫಾರಸಲ್ಲ, ಒಬ್ಬ ವಕೀಲ.

ಹಾಗಾಗಿ ನಾಲ್ಕು ಮಾತು ನೆನಪಿಟ್ಟುಕೊಳ್ಳಿ.

ಒಂದು, ಮರ್ಯಾದೆ ಬಿಡಬೇಡಿ. ಹೆಸರು ಕೇಳಿದರೆ ನಿಜ ಹೆಸರು ಹೇಳಿ. ಓಡಬೇಡಿ, ಕೈ ತೋರಿಸಿ ನಿಲ್ಲಿ, ಸುಳ್ಳು ಹೇಳಬೇಡಿ.

ಎರಡು, ಸುಮ್ಮನಿದ್ದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಸುಮ್ಮನಿರುವ ಹಕ್ಕು ಬೇಕಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. "ನಾನು ಮಾತಾಡುವುದಿಲ್ಲ. ನನಗೆ ಲಾಯರ್ ಬೇಕು. ಅಪ್ಪ ಅಮ್ಮನಿಗೆ ಫೋನ್ ಮಾಡಬೇಕು." ಇಷ್ಟೇ. ಇದು ಎದುರುತ್ತರ ಅಲ್ಲ. ತಪ್ಪು ಮಾಡಿದ್ದೀರಿ ಎಂದೂ ಅಲ್ಲ. ನನ್ನ ಮಗಳು ಪೊಲೀಸ್ ಕೋಣೆಯಲ್ಲಿ ಕೂತರೂ ಇದನ್ನೇ ಹೇಳಬೇಕು ಎಂದು ಅವಳಿಗೆ ಕಲಿಸಿದ್ದೇನೆ.

ಮೂರು, ಅರ್ಥವಾಗದ್ದಕ್ಕೆ ಹೂಂ ಅನ್ನಬೇಡಿ. "ಗೊತ್ತಿಲ್ಲ", "ಅರ್ಥ ಆಗಲಿಲ್ಲ", "ಅದು ಹಾಗಲ್ಲ". ಈ ಮೂರೂ ಪೂರ್ಣ ಉತ್ತರಗಳೇ.

ನಾಲ್ಕು, ನಿಮ್ಮ ಊರಿನ ಕಾನೂನು ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ, 17 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಯಾರನ್ನೇ ಆಗಲಿ ವಶದಲ್ಲಿಟ್ಟು ವಿಚಾರಿಸುವ ಮೊದಲು ವಕೀಲರ ಜೊತೆ ಮಾತಾಡಿಸಬೇಕು. ಮಗುವೇ "ಬೇಡ" ಎಂದರೂ ಇದನ್ನು ಬಿಡುವ ಹಾಗಿಲ್ಲ. 2024ರ ಜುಲೈಯಿಂದ, ಅಂಥ ವಿಚಾರಣೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಿ ಒಪ್ಪಿಸುವುದಕ್ಕೂ ನಿಷೇಧ ಇದೆ. ಮಕ್ಕಳಿಗೆ ಸುಳ್ಳು ಹೇಳಿ ವಿಚಾರಿಸುವುದನ್ನು ಮೊದಲು ತಡೆದ ರಾಜ್ಯ ಇಲಿನಾಯ್, 2021ರಲ್ಲಿ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ, ಬೇರೆ ದೇಶಗಳ ನಿಯಮ ಬೇರೆ. ಹುಡುಕಿ ಓದಿ, ಅಪ್ಪ ಅಮ್ಮನಿಗೂ ಓದಿ ಹೇಳಿ.

ಹಾಗಾದರೆ ಪೊಲೀಸರು ಶತ್ರುಗಳಾ ಎಂದು ನೀವು ಕೇಳಬಹುದು. ಅಲ್ಲ. ಸುಟ್ಟ ಶಾಲೆಯ ಮಕ್ಕಳಿಗೂ ನ್ಯಾಯ ಬೇಕು. ಏಟು ತಿಂದ ಹುಡುಗ, ಕಳ್ಳತನವಾದ ಅಂಗಡಿಯವರು, ಮೋಸ ಹೋದ ಅಜ್ಜಿ, ಇವರೆಲ್ಲ ನನ್ನ ಬಾಗಿಲಿಗೇ ಬರುತ್ತಾರೆ. ತಪ್ಪಾದ ಹೂಂ ಒಂದನ್ನು ನಂಬಿದರೆ ಒಬ್ಬ ನಿರಪರಾಧಿ ಒಳಗೆ ಹೋಗುತ್ತಾನೆ, ನಿಜವಾಗಿ ಮಾಡಿದವನು ಹೊರಗೆ ಉಳಿಯುತ್ತಾನೆ. ಆ ಶಾಲೆಗೆ ಬೆಂಕಿ ಹಚ್ಚಿದವರು ಯಾರು ಎಂದು ಗೊತ್ತಾಗಲು ನಮಗೆ ಮತ್ತೆ ಮೂರು ವಾರ ಹಿಡಿಯಿತು. ಮೊದಲು ಹೆಸರು ಹೇಳಿದ್ದ ಹುಡುಗನೇ. ಅವನಿಗೂ 14 ವರ್ಷ. ಅವನು ವಕೀಲರ ಪಕ್ಕದಲ್ಲಿ ಕೂತು, ತನ್ನದೇ ಮಾತಿನಲ್ಲಿ ಹೇಳಿದ. ಅವನ ಕಥೆಯಲ್ಲಿ ಗೇಟಿನ ಹೆಸರು "ನಾಯಿ ಮಲಗಿರೋ ಗೇಟು".

ನಿಮ್ಮಲ್ಲಿ ಯಾರಿಗಾದರೂ ಈ ಕೆಲಸಕ್ಕೆ ಬರುವ ಆಸೆ ಇದ್ದರೆ, ಬನ್ನಿ. ಅಪ್ಪ ಅಮ್ಮ ಮೊದಲು ಬೇಡ ಅನ್ನಬಹುದು, ನಮ್ಮಮ್ಮನೂ ಎರಡು ದಿನ ಊಟ ಬಿಟ್ಟಿದ್ದಳು. ಓಡಲು, ಗುರಿ ಇಡಲು ಅಕಾಡೆಮಿಯಲ್ಲಿ ಕಲಿಸುತ್ತಾರೆ. ಮಗುವಿನ ಮಾತನ್ನು ಕೊನೆಯವರೆಗೂ ಕೇಳುವ ತಾಳ್ಮೆ ಮನೆಯಿಂದಲೇ ತರಬೇಕು. ನನ್ನ ತಂಡದವರಿಗೆ ಈಗ ಒಂದು ನಿಯಮ ಇದೆ. ಮಗು ಏನಾದರೂ ಒಪ್ಪಿಕೊಂಡಿದೆ ಎಂದು ಬರೆದರೆ, ಅದರ ಕೆಳಗೆ ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ಅಲ್ಲಿ ಬರೀ ಹೂಂ ಇದ್ದರೆ ನನ್ನ ಪೆನ್ನು ಮುಚ್ಚಳ ತೆರೆಯುವುದಿಲ್ಲ.

ಈ ಮಾತು ಕೇಳಿ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು, "ನನಗೆ ಲಾಯರ್ ಬೇಕು, ಅಮ್ಮನಿಗೆ ಫೋನ್ ಮಾಡಬೇಕು" ಎಂದು ಒಮ್ಮೆ ಗಟ್ಟಿಯಾಗಿ ಹೇಳಿ. ಮೊದಲ ಸಲ ನಗು ಬರುತ್ತದೆ. ಎರಡನೇ ಸಲ ಹೇಳಿ, ಮೂರನೇ ಸಲ ಹೇಳಿ. ಹೊರಗಿನಿಂದ ಅಮ್ಮ "ಏನೋ ಅದು?" ಎಂದರೆ, ಬಾಗಿಲು ತೆಗೆದು ಈ ಕಥೆಯನ್ನು ಅವರಿಗೂ ಹೇಳಿ.